ಲೆನ್ಸಿನ ಮೈಮೇಲಿನ ಬರಹ

ಕ್ಯಾನನ್ ಡಿಎಸ್‌ಎಲ್‌ಆರ್ ಕೊಂಡವರಿಗೆ ಅದೇ ಪೆಟ್ಟಿಗೆಯಲ್ಲಿ ಸಿಗುವ ಪುಟ್ಟ ಕಿಟ್ ಲೆನ್ಸಿನ ಮುಂಗಾಜಿನ ಸುತ್ತ ಒಂದು ಸಾಲು ಅಚ್ಚಾಗಿರುತ್ತದೆ. ‘ಇಎಫ್-ಎಸ್ 18-55 ಮಿ.ಮೀ. 1:3.5-5.6 ಐಎಸ್’, ಅದರ ಬೆನ್ನಿಗೆ ರೋಮನ್ ಅಂಕಿಯ ಎರಡು ನೆಟ್ಟ ಗೆರೆ, ಆಮೇಲೆ ‘ಮ್ಯಾಕ್ರೊ 0.25 ಮೀ.’, ಇನ್ನೊಂದು ಮೂಲೆಯಲ್ಲಿ ಅಡ್ಡಗೆರೆ ಎಳೆದ ಸೊನ್ನೆ ಮತ್ತು ‘58 ಮಿ.ಮೀ.’ ಕ್ಯಾಮೆರಾ ಕೈಗೆ ಬಂದ ಖುಷಿಯಲ್ಲಿ ಇದನ್ನು ಯಾರೂ ಓದುವುದಿಲ್ಲ, ಓದದಿದ್ದರೂ ಫೋಟೊ ಬರುತ್ತದೆ. ಎರಡನೇ ಲೆನ್ಸ್ ಹುಡುಕಲು ಹೊರಟಾಗ ಕಥೆ ಬೇರೆ. ಅದರಲ್ಲೂ ಯಾರೋ ಬಳಸಿದ್ದನ್ನು ಫೋನಿನಲ್ಲಿ ನೋಡಿ ಚೌಕಾಸಿಗೆ ಇಳಿಯುವಾಗ ಈ ಸಾಲು ಓದಲು ಬಾರದಿದ್ದರೆ ಕೈಯಿಂದ ಸಾವಿರಗಟ್ಟಲೆ ರೂಪಾಯಿ ಬಿಡುತ್ತದೆ.

ಮೊದಲೇ ಒಂದು ಮಾತು. ಲೆನ್ಸಿನ ಮೇಲಿರುವ ಅಕ್ಷರಕ್ಕೆಲ್ಲ ಒಂದೇ ತೂಕವಿಲ್ಲ. ಕೆಲವು ಅಂಕಿಗಳು ಬೆಳಕಿನ ಲೆಕ್ಕ. ಯಾವ ಕಂಪನಿಯಾದರೂ ಅವು ಬದಲಾಗುವುದಿಲ್ಲ. ಕೆಲವು ಅಕ್ಷರಗಳು ಈ ಲೆನ್ಸ್ ನಿಮ್ಮ ಕ್ಯಾಮೆರಾಕ್ಕೆ ಕೂರುತ್ತದೆಯೇ, ಕೂತರೂ ಫೋಕಸ್ ಮಾಡುತ್ತದೆಯೇ ಎಂದು ಹೇಳುತ್ತವೆ. ಮಿಕ್ಕಿದ್ದರಲ್ಲಿ ಬಹುಪಾಲು ಕಂಪನಿಯ ಡಂಗುರ. ಕೊಳ್ಳುವವರು ಸಾಮಾನ್ಯವಾಗಿ ಡಂಗುರಕ್ಕೆ ಕಿವಿಗೊಟ್ಟು ನಡುವಿನದನ್ನು ಬಿಟ್ಟುಬಿಡುತ್ತಾರೆ. ದುಡ್ಡು ಹೋಗುವುದು ಅಲ್ಲೇ.

ಎರಡು ಅಂಕಿ, ಒಂದು ಭಿನ್ನರಾಶಿ

ಮೊದಲ ಮಿ.ಮೀ. ಫೋಕಲ್ ಲೆಂಗ್ತ್. ಲೆನ್ಸಿನ ಉದ್ದಕ್ಕೂ ಅದಕ್ಕೂ ನೇರ ಸಂಬಂಧವಿಲ್ಲ. ಅಂಕಿ ಚಿಕ್ಕದಾದಷ್ಟೂ ನೋಟ ಅಗಲ, ದೊಡ್ಡದಾದಷ್ಟೂ ದೂರದ್ದು ಹತ್ತಿರ. 18-55 ಎಂದು ಎರಡು ಅಂಕಿ ಇದ್ದರೆ ಜೂಮ್, 50 ಎಂದು ಒಂದೇ ಇದ್ದರೆ ಪ್ರೈಮ್. ಜಾಹೀರಾತಿನ ‘3 ಎಕ್ಸ್’, ‘83 ಎಕ್ಸ್’ ಎಂಬುದು ದೊಡ್ಡ ಅಂಕಿಯನ್ನು ಚಿಕ್ಕದರಿಂದ ಭಾಗಿಸಿದ್ದು ಅಷ್ಟೇ. ಬರಿಗಣ್ಣಿಗಿಂತ ಎಷ್ಟು ಹತ್ತಿರ ಕಾಣುತ್ತದೆ ಎಂಬ ಲೆಕ್ಕವಲ್ಲ. ನಿಕಾನ್ ಪಿ900 ಕ್ಯಾಮೆರಾದ ಲೆನ್ಸಿನ ಮೇಲೆ 4.3-357 ಎಂದಿರುತ್ತದೆ, ಭಾಗಿಸಿದರೆ 83. ಆದರೆ ಹಕ್ಕಿ ಹಿಡಿಯಲು ಹೆಸರಾದ 150-600 ಮಿ.ಮೀ. ಲೆನ್ಸ್ ಈ ಲೆಕ್ಕದಲ್ಲಿ ಬರೀ 4 ಎಕ್ಸ್.

ಆ 4.3 ಎಲ್ಲಿಂದ ಬಂತು? ಸೆನ್ಸರ್ ಚಿಕ್ಕದಾದರೆ ಅದೇ ನೋಟಕ್ಕೆ ಚಿಕ್ಕ ಫೋಕಲ್ ಲೆಂಗ್ತ್ ಸಾಕು. ಹಳೆಯ ಫಿಲ್ಮಿನ ಅಳತೆಯಾದ 36×24 ಮಿ.ಮೀ.ಗೆ ಫುಲ್ ಫ್ರೇಮ್ ಎನ್ನುತ್ತಾರೆ. ಹೆಚ್ಚಿನ ಡಿಎಸ್‌ಎಲ್‌ಆರ್‌ಗಳಲ್ಲಿರುವುದು ಅದಕ್ಕಿಂತ ಚಿಕ್ಕದಾದ ಎಪಿಎಸ್-ಸಿ, ಬಾಯಿಮಾತಿನ ‘ಕ್ರಾಪ್ ಸೆನ್ಸರ್’. ಅದರಲ್ಲಿ ಸಿಗುವ ನೋಟವನ್ನು ಫುಲ್ ಫ್ರೇಮಿಗೆ ಹೋಲಿಸಬೇಕೆಂದರೆ ನಿಕಾನ್, ಸೋನಿಯಲ್ಲಿ 1.5ರಿಂದ, ಕ್ಯಾನನ್‌ನಲ್ಲಿ 1.6ರಿಂದ ಗುಣಿಸಬೇಕು. ಕ್ಯಾನನ್‌ನ 18-55 ಹೀಗೆ ಸುಮಾರು 29-88 ಆಗುತ್ತದೆ. ಕ್ರಾಪ್ ಕ್ಯಾಮೆರಾಕ್ಕೆಂದೇ ಮಾಡಿದ ಲೆನ್ಸಿನ ಮೇಲೆ ಗುಣಿಸಿದ ಅಂಕಿಯನ್ನೇ ಅಚ್ಚು ಹಾಕಿರುತ್ತಾರೆ ಎಂದು ನಂಬಿದವರು ಬಹಳ ಜನ. ಹಾಗಿಲ್ಲ. ಬದಲಾಯಿಸಬಹುದಾದ ಲೆನ್ಸಿನ ಮೇಲಿರುವುದು ಯಾವಾಗಲೂ ನಿಜವಾದ ಫೋಕಲ್ ಲೆಂಗ್ತ್. ಗುಣಿಸಿದ ಅಂಕಿ ಕಾಣುವುದು ಫೋನಿನ ಜಾಹೀರಾತಿನಲ್ಲಿ.

ಇನ್ನು ‘1:3.5-5.6’. ಕೆಲವರು ಎಫ್/3.5 ಎಂದೂ ಬರೆಯುತ್ತಾರೆ, ಎರಡೂ ಒಂದೇ. ಲೆನ್ಸಿನ ಕಿಂಡಿ, ಅಂದರೆ ಅಪರ್ಚರ್, ಅತಿ ಹೆಚ್ಚೆಂದರೆ ಎಷ್ಟು ತೆರೆಯುತ್ತದೆ ಎಂಬ ಲೆಕ್ಕ ಇದು. ಅಂಕಿ ದೊಡ್ಡದಾದರೆ ಕಿಂಡಿ ಚಿಕ್ಕದೇಕೆ ಎಂದು ಹೊಸಬರು ತಲೆ ಕೆರೆದುಕೊಳ್ಳುತ್ತಾರೆ. ಹಳೆಯ ಮಗ್ಗಿ ಪುಸ್ತಕ ಉರು ಹೊಡೆದ ಅಜ್ಜನನ್ನು ಕೇಳಿದರೆ ಚಿಟಿಕೆಯಲ್ಲಿ ಬಿಡಿಸಿಯಾರು: 1:2 ಎಂದರೆ ಅರೆ, 1:4 ಕಾಲು, 1:8 ಅರೆಕಾಲು, 1:16 ವೀಸ. ಕಾಲಿಗಿಂತ ವೀಸ ಚಿಕ್ಕದು, ಅಷ್ಟೇ ವಿಷಯ. ಯಾವುದರ ಕಾಲು ಎಂದರೆ ಫೋಕಲ್ ಲೆಂಗ್ತಿನ ಕಾಲು. 50 ಮಿ.ಮೀ. 1:1.8 ಲೆನ್ಸನ್ನು ಮುಂದಿನಿಂದ ನೋಡಿದರೆ ಕಾಣುವ ಕಿಂಡಿಯ ಅಗಲ ಸುಮಾರು 28 ಮಿ.ಮೀ. ಅದೇ ಲೆಕ್ಕದಲ್ಲಿ 300 ಮಿ.ಮೀ. 1:2.8ಕ್ಕೆ 107 ಮಿ.ಮೀ., 600 ಮಿ.ಮೀ. 1:4ಕ್ಕೆ 150 ಮಿ.ಮೀ. ಬೇಕು. ಆಟದ ಮೈದಾನದ ಅಂಚಿನಲ್ಲಿ ಕೂತ ಪತ್ರಿಕಾ ಛಾಯಾಗ್ರಾಹಕರ ಲೆನ್ಸುಗಳು ಕೊಡದಷ್ಟು ದಪ್ಪ ಏಕೆ, ಬೆಲೆ ಲಕ್ಷಗಳಲ್ಲಿ ಏಕೆ ಎಂಬುದಕ್ಕೆ ಈ ಭಾಗಾಕಾರವೇ ಉತ್ತರ.

3.5-5.6 ಎಂದು ಎರಡು ಅಂಕಿ ಇದ್ದರೆ, 18ರ ತುದಿಯಲ್ಲಿ 3.5, 55ರ ತುದಿಯಲ್ಲಿ 5.6. ಜೂಮ್ ಮಾಡುತ್ತಾ ಹೋದಂತೆ ಬೆಳಕು ಎರಡೂವರೆ ಪಟ್ಟು ಕುಸಿಯುತ್ತದೆ. ‘1:2.8’ ಅಥವಾ ‘1:4’ ಎಂದು ಒಂದೇ ಅಂಕಿ ಇರುವ ಜೂಮುಗಳು ಕೊನೆತನಕ ಅಷ್ಟೇ ತೆರೆದಿರುತ್ತವೆ, ಅದಕ್ಕೆ ತಕ್ಕ ಬೆಲೆಯೂ ಇರುತ್ತದೆ. ರಾತ್ರಿ ಬಯಲಾಟದಲ್ಲಿ ವೇಷಧಾರಿಯ ಮುಖವನ್ನು ಕಿಟ್ ಲೆನ್ಸಿನ 55ರ ತುದಿಯಲ್ಲಿ ಹಿಡಿಯಲು ಸೆಕೆಂಡಿನ 25ರಲ್ಲೊಂದು ಭಾಗ ಬೇಕಾದರೆ, 1:1.8ರ ಪ್ರೈಮಿಗೆ 250ರಲ್ಲೊಂದು ಭಾಗದ ಹತ್ತಿರ ಸಾಕು; ಬೆಳಕಿನ ವ್ಯತ್ಯಾಸ ಹೆಚ್ಚುಕಡಿಮೆ ಹತ್ತು ಪಟ್ಟು. ಕುಣಿತ ಮಸುಕಾಗುವುದೂ ನಿಲ್ಲುವುದೂ ಈ ಅಂತರದಲ್ಲೇ. ಎರಡನೇ ಲೆನ್ಸ್ ಯಾವುದು ಕೊಳ್ಳಲಿ ಎಂದು ಕೇಳುವವರಿಗೆ 50 ಮಿ.ಮೀ. 1:1.8 ಎಂದು ಕಣ್ಣುಮುಚ್ಚಿ ಹೇಳುವುದು ಇದಕ್ಕೇ. ಸಿನಿಮಾ ಲೆನ್ಸುಗಳಲ್ಲಿ ಎಫ್ ಬದಲು ‘ಟಿ’ ಇರುತ್ತದೆ. ಗಾಜುಗಳನ್ನು ದಾಟುವಾಗ ನಷ್ಟವಾದ ಬೆಳಕನ್ನು ಕಳೆದು, ನಿಜವಾಗಿ ಹೊರಗೆ ಬರುವುದಕ್ಕೆ ಹಾಕಿದ ಅಂಕಿ ಅದು. ಒಂದು ದೃಶ್ಯವನ್ನು ನಾಲ್ಕು ಲೆನ್ಸಿನಲ್ಲಿ ತೆಗೆದರೂ ಬೆಳಕು ಹೊಂದಬೇಕಲ್ಲ.

ಅಡ್ಡಗೆರೆ ಎಳೆದ ಸೊನ್ನೆ ವ್ಯಾಸದ ಗುರುತು. ಅದರ ಪಕ್ಕದ ಅಂಕಿ ಫಿಲ್ಟರ್ ಕೂರುವ ತಿರುಪಿನ ಅಗಲ. ಮುಚ್ಚಳ ಕಳೆದುಹೋದರೆ ಅಂಗಡಿಯಲ್ಲಿ ಹೇಳಬೇಕಾದದ್ದೂ ಇದನ್ನೇ. ಇದನ್ನು ಫೋಕಲ್ ಲೆಂಗ್ತ್ ಎಂದು ಓದಿಕೊಳ್ಳುವುದು ಸುಲಭ. ನಿಕಾನ್‌ನ 50 ಮಿ.ಮೀ. 1.8 ಜಿ ಲೆನ್ಸಿನ ಫಿಲ್ಟರ್ ಅಳತೆ 58, ಅದಕ್ಕೂ ಹಳೆಯ 1.8 ಡಿ ಲೆನ್ಸಿನದು 52, ಕ್ಯಾನನ್‌ನ 50 ಮಿ.ಮೀ. 1.8 ಎಸ್‌ಟಿಎಮ್‌ನದು 49. ಮೂರೂ 50 ಮಿ.ಮೀ. ಲೆನ್ಸುಗಳೇ.

ಕೋಲನ್ ಚಿಹ್ನೆ ಇನ್ನೊಂದು ಕಡೆಯೂ ಕಾಣಿಸಿಕೊಂಡು ದಾರಿ ತಪ್ಪಿಸುತ್ತದೆ. ಟ್ಯಾಮ್ರಾನ್‌ನ ಅಗ್ಗದ 70-300 ಲೆನ್ಸಿನ ಮೇಲೆ ‘1:4-5.6’ ಇರುತ್ತದೆ, ಜೊತೆಗೆ ‘ಮ್ಯಾಕ್ರೊ 1:2’ ಎಂದೂ ಇರುತ್ತದೆ. ಎರಡನೆಯದು ಕಿಂಡಿಯ ಲೆಕ್ಕವಲ್ಲ. ಸೆನ್ಸರಿನ ಮೇಲೆ ಬೀಳುವ ಬಿಂಬ ವಸ್ತುವಿನ ಅರ್ಧದಷ್ಟು ದೊಡ್ಡದು ಎಂಬ ಮಾತು. ಜೇಡದ ಕಣ್ಣು, ಹೂವಿನ ಕೇಸರ ಹಿಡಿಯುವ ಹುಚ್ಚಿದ್ದರೆ ಬೇಕಾದದ್ದು 1:1. ಕಿಟ್ ಲೆನ್ಸಿನ ಮೇಲಿರುವ ‘ಮ್ಯಾಕ್ರೊ’ ಹತ್ತಿರದಿಂದ ತೆಗೆಯಬಹುದು ಎಂಬ ಸೌಜನ್ಯದ ಮಾತು ಅಷ್ಟೇ. ಪಕ್ಕದ 0.25 ಮೀ. ಕೂಡ ಮುಂಗಾಜಿನಿಂದಲ್ಲ, ಸೆನ್ಸರಿನಿಂದ ಅಳೆದದ್ದು. ಕ್ಯಾಮೆರಾದ ನೆತ್ತಿಯ ಮೇಲೆ ಗೆರೆಯೊಂದು ಹಾಯ್ದ ಸಣ್ಣ ವೃತ್ತ ಇರುತ್ತದೆ ನೋಡಿ, ಅಳತೆ ಶುರುವಾಗುವುದು ಅಲ್ಲಿಂದ.

ಕೂರುತ್ತದೆಯೇ, ಕೂತು ಕೆಲಸ ಮಾಡುತ್ತದೆಯೇ

ಕ್ಯಾನನ್ ವಿಷಯದಲ್ಲಿ ಇದು ಸರಳ. 1987ರಲ್ಲಿ ಕಂಪನಿ ತನ್ನ ಹಳೆಯ ಎಫ್‌ಡಿ ಮೌಂಟನ್ನು, ಅಂದರೆ ಲೆನ್ಸ್ ಕೂರುವ ಬಾಯಿಯನ್ನು, ಕೈಬಿಟ್ಟು ಇಎಫ್ ತಂದಿತು. ಎಫ್‌ಡಿ ಲೆನ್ಸುಗಳು ಡಿಎಸ್‌ಎಲ್‌ಆರ್‌ಗೆ ನೇರವಾಗಿ ಕೂರುವುದಿಲ್ಲ. ಇಎಫ್ ಎಂದಿದ್ದರೆ ಯಾವ ಕ್ಯಾನನ್ ಡಿಎಸ್‌ಎಲ್‌ಆರ್‌ಗಾದರೂ ಸರಿ. 2003ರಲ್ಲಿ ಬಂದ ಇಎಫ್-ಎಸ್ ಕ್ರಾಪ್ ಕ್ಯಾಮೆರಾಕ್ಕೆ ಮಾತ್ರ. ಅಕ್ಷರ ಅಳಿಸಿದ್ದರೂ ಗುರುತು ಹಿಡಿಯಬಹುದು: ಮೌಂಟಿನ ಬಳಿ ಕೆಂಪು ಚುಕ್ಕೆ ಇದ್ದರೆ ಇಎಫ್, ಬಿಳಿ ಚೌಕ ಇದ್ದರೆ ಇಎಫ್-ಎಸ್. ಕ್ಯಾಮೆರಾದ ಬಾಯಿಯಲ್ಲಿ ಬಿಳಿ ಚೌಕ ಇಲ್ಲದಿದ್ದರೆ ಇಎಫ್-ಎಸ್ ಕೂರುವುದಿಲ್ಲ, ಬಲವಂತ ಬೇಡ. ಆಟೊ ಫೋಕಸ್ ಇರುವ ಇಎಫ್ ಲೆನ್ಸುಗಳಿಗೆಲ್ಲ ಮೋಟರ್ ಲೆನ್ಸಿನೊಳಗೇ ಇದೆ, ಆ ಚಿಂತೆಯೂ ಇಲ್ಲ. 2018ರಲ್ಲಿ ಬಂದ ಆರ್‌ಎಫ್ ಕನ್ನಡಿಯಿಲ್ಲದ, ಅಂದರೆ ಮಿರರ್‌ಲೆಸ್ ಕ್ಯಾಮೆರಾಗಳ ಮೌಂಟ್. ಅಡಾಪ್ಟರ್ ಹಾಕಿ ಇಎಫ್ ಲೆನ್ಸನ್ನು ಅದರ ಮೇಲೆ ಬಳಸಬಹುದು. ತಿರುಗಾಮುರುಗಾ ಆಗುವುದಿಲ್ಲ, ಏಕೆಂದರೆ ಮೌಂಟಿನಿಂದ ಸೆನ್ಸರಿನವರೆಗಿನ ದೂರ ಇಎಫ್‌ನಲ್ಲಿ 44 ಮಿ.ಮೀ., ಆರ್‌ಎಫ್‌ನಲ್ಲಿ 20. ಹೆಚ್ಚು ದೂರ ಬೇಡುವ ಲೆನ್ಸಿಗೆ ನಡುವೆ ಕೊಳವೆ ಸಿಕ್ಕಿಸಿದರೆ ಆಯಿತು; ಕಡಿಮೆ ದೂರ ಬೇಡುವ ಲೆನ್ಸಿಗಾಗಿ ಕ್ಯಾಮೆರಾವನ್ನು ಕೊರೆಯಲಾದೀತೇ?

ನಿಕಾನ್ ಹಾಗಲ್ಲ. 1959ರಲ್ಲಿ ತಂದ ಎಫ್ ಮೌಂಟನ್ನು ಡಿಎಸ್‌ಎಲ್‌ಆರ್ ಕಾಲದುದ್ದಕ್ಕೂ ಉಳಿಸಿಕೊಂಡಿತು. ಕೇಳಲು ಚೆನ್ನ. ಆದರೆ ಬಾಯಿಯ ಆಕಾರ ಅದೇ ಇಟ್ಟುಕೊಂಡು ಒಳಗಿನದನ್ನು ಮತ್ತೆ ಮತ್ತೆ ಬದಲಾಯಿಸಿದ್ದರಿಂದ, ಕೂರುವ ಲೆನ್ಸೆಲ್ಲ ಕೆಲಸ ಮಾಡುತ್ತದೆ ಎಂಬ ಖಾತ್ರಿ ಹೋಯಿತು. ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಹೊಸಬರು ಹೆಚ್ಚು ಮುಗ್ಗರಿಸುವುದು ಇಲ್ಲಿ, ಹಾಗಾಗಿ ಇದನ್ನು ನಿಧಾನವಾಗಿ ನೋಡೋಣ.

ಬರೀ ‘ಎಎಫ್’ ಎಂದಿದ್ದು ಅಂಕಿಯ ಕೊನೆಗೆ ‘ಡಿ’ ಇದ್ದರೆ, ಉದಾಹರಣೆಗೆ ‘ಎಎಫ್ ನಿಕ್ಕಾರ್ 50 ಮಿ.ಮೀ. 1:1.8 ಡಿ’ (ನಿಕ್ಕಾರ್ ಎಂಬುದು ನಿಕಾನ್ ಲೆನ್ಸುಗಳ ಹೆಸರು), ಆ ಲೆನ್ಸಿನಲ್ಲಿ ಫೋಕಸ್ ಮೋಟರ್ ಇಲ್ಲ. ಕ್ಯಾಮೆರಾದೊಳಗಿನ ಮೋಟರ್ ಒಂದು ಸಣ್ಣ ತಿರುಪಿನ ಮೂಲಕ ಅದನ್ನು ತಿರುಗಿಸಬೇಕು. 2006ರ ಡಿ40ಯಿಂದ ಆರಂಭಿಸಿ ಡಿ3000, ಡಿ5000 ಸಾಲಿನ ಕ್ಯಾಮೆರಾಗಳಲ್ಲಿ, ಅಂದರೆ ನಮ್ಮಲ್ಲಿ ಮನೆಮನೆಗೆ ಬಂದ ಡಿ3400, ಡಿ3500, ಡಿ5600ಗಳಲ್ಲಿ ಆ ಮೋಟರ್ ಇಲ್ಲ. ಲೆನ್ಸ್ ಕೂರುತ್ತದೆ, ಫೋಟೊನೂ ಬರುತ್ತದೆ, ಫೋಕಸ್ ಮಾತ್ರ ಕೈಯಲ್ಲೇ ಮಾಡಬೇಕು. ಓಡಾಡುವ ಮಗುವಿನ ಫೋಟೊ ತೆಗೆಯಲೆಂದು ತಂದವರಿಗೆ ಅದು ತಲೆನೋವೇ. ಅವರಿಗೆ ಬೇಕಾದದ್ದು ‘ಎಎಫ್-ಎಸ್’ ಎಂದಿರುವ 1.8 ಜಿ. ಒಂದೇ ಅಕ್ಷರದ ಅಂತರ. ಮಾರುವವರು ಅದನ್ನು ನುಂಗಿಬಿಡುವುದುಂಟು, ಎಷ್ಟೋ ಸಲ ಅವರಿಗೂ ಗೊತ್ತಿರುವುದಿಲ್ಲ. ಅನುಮಾನವಿದ್ದರೆ ಲೆನ್ಸಿನ ಹಿಂಭಾಗದ ಲೋಹದ ಬಳೆ ನೋಡಿ. ಸ್ಕ್ರೂಡ್ರೈವರ್ ಕೂರುವಂಥ ಗೀಟು ಅಲ್ಲಿದ್ದರೆ ಅದು ಕ್ಯಾಮೆರಾದ ಮೋಟರನ್ನು ನಂಬಿಕೊಂಡ ಲೆನ್ಸ್. ಕ್ಯಾಮೆರಾದ ಬಾಯಿಯ ಬಳೆಯ ಕೆಳಗಡೆ ಅದಕ್ಕೆ ಜೋಡಿಯಾಗುವ ಪುಟ್ಟ ಮೊಳೆ ಇದೆಯೇ ಎಂದೂ ನೋಡಿಕೊಳ್ಳಿ.

ಹಾಗಾದರೆ ಮೋಟರ್ ಇರುವ ಹಳೆಯ ಡಿ90 ಇದ್ದವರು ಗೆದ್ದರೇ? ಅರ್ಧ ಮಾತ್ರ. 2008ರ ಆ ಕ್ಯಾಮೆರಾ ಡಿ ಲೆನ್ಸುಗಳನ್ನೆಲ್ಲ ಸಲೀಸಾಗಿ ಓಡಿಸುತ್ತದೆ. ಆದರೆ ‘ಎಎಫ್-ಪಿ’ ಎಂಬ ಹೊಸ ಮೋಟರಿನ ಲೆನ್ಸ್ ಹಾಕಿದರೆ ಫೋಕಸ್ ಮಾಡುವುದಿಲ್ಲ, ಕೈಯಲ್ಲಿ ತಿರುಗಿಸಿದರೂ ಆಗುವುದಿಲ್ಲ. ಅಂಕಿಯ ಕೊನೆಗೆ ‘ಇ’ ಇರುವ ಲೆನ್ಸುಗಳಲ್ಲಿ ಕಿಂಡಿಯನ್ನು ಮುಚ್ಚುವುದು ವಿದ್ಯುತ್ತು. ಡಿ90ಗೆ ಆ ಭಾಷೆ ಬಾರದು, ಕಿಂಡಿ ಪೂರ್ತಿ ತೆರೆದೇ ಇರುತ್ತದೆ. ಹಕ್ಕಿ ತೆಗೆಯುವವರ ಅಚ್ಚುಮೆಚ್ಚಿನ 200-500 ಮಿ.ಮೀ. 1:5.6 ಇ ಲೆನ್ಸನ್ನು ಹಳೆಯ ಬಾಡಿಯ ಮೇಲೆ ಹಾಕುವ ಆಸೆ ಇದ್ದವರು ಇದನ್ನು ನೆನಪಿಡಬೇಕು. ಡಿ3500ಗೆ ಇದರ ತದ್ವಿರುದ್ಧ: ಇ, ಎಎಫ್-ಪಿ ಎರಡೂ ಸರಿ, ಡಿ ಮಾತ್ರ ಫೋಕಸ್ ಆಗದು. ‘ಜಿ’ ಎಂದರೆ ಲೆನ್ಸಿನ ಮೇಲೆ ಅಪರ್ಚರ್ ಬಳೆ ಇಲ್ಲ. ಡಿಜಿಟಲ್‌ನಲ್ಲಿ ಇದರಿಂದ ತೊಂದರೆಯಿಲ್ಲ. ಅಪ್ಪನ ಕಾಲದ ಎಫ್‌ಎಮ್2 ಫಿಲ್ಮ್ ಕ್ಯಾಮೆರಾಕ್ಕೆ ಹಾಕಿದರೆ ಕಿಂಡಿ ಅತಿ ಚಿಕ್ಕದಾಗಿ ಅಲ್ಲೇ ನಿಲ್ಲುತ್ತದೆ. ‘ಡಿಎಕ್ಸ್’ ಕ್ರಾಪ್ ಕ್ಯಾಮೆರಾದ ಲೆನ್ಸ್. ನಿಕಾನ್ ಫುಲ್ ಫ್ರೇಮ್ ಡಿಎಸ್‌ಎಲ್‌ಆರ್ ಅದನ್ನು ಗುರುತಿಸಿ ಚಿತ್ರವನ್ನು ತಾನೇ ಕತ್ತರಿಸಿಕೊಳ್ಳುತ್ತದೆ.

ಡಿ ಲೆನ್ಸ್ ತಂದವರಿಗೆ ಎದುರಾಗುವ ಇನ್ನೊಂದು ಗಾಬರಿ: ಪರದೆಯ ಮೇಲೆ ‘ಎಫ್‌ಇಇ’ ಎಂದು ಬಂದು ಕ್ಯಾಮೆರಾ ಮುಷ್ಕರ ಹೂಡುತ್ತದೆ. ಲೆನ್ಸ್ ಕೆಟ್ಟಿಲ್ಲ. ಅದರ ಅಪರ್ಚರ್ ಬಳೆಯನ್ನು ಕಿತ್ತಳೆ ಬಣ್ಣದ ಅಂಕಿಗೆ, ಅಂದರೆ 22 ಅಥವಾ 16ಕ್ಕೆ ತಿರುಗಿಸಿ ಪಕ್ಕದ ಪುಟ್ಟ ಗುಂಡಿಯಿಂದ ಬೀಗ ಹಾಕಿದರೆ ಸರಿಹೋಗುತ್ತದೆ. ಇನ್ನೂ ಹಿಂದಕ್ಕೆ, 1977ರಲ್ಲಿ ‘ಎಐ’ ಎಂಬ ಹೊಸ ವಿನ್ಯಾಸ ಬರುವುದಕ್ಕೂ ಮುಂಚಿನ ನಿಕ್ಕಾರ್‌ಗಳನ್ನು ತಿದ್ದಿಸದೆ ಬಹಳಷ್ಟು ಡಿಎಸ್‌ಎಲ್‌ಆರ್‌ಗಳಿಗೆ ಒತ್ತಿ ಕೂರಿಸಿದರೆ ಬಾಯಂಚಿನ ಸಣ್ಣ ಕೊಕ್ಕೆ ಮುರಿಯಬಹುದು. ಗುಜರಿಯಲ್ಲಿ ಸಿಕ್ಕ ಚೆಂದದ ಹಳೆಯ ಲೆನ್ಸಾದರೆ ತಿಳಿದವರಿಗೆ ತೋರಿಸಿಯೇ ಹಾಕಿ. ಜೆಡ್ ಮೌಂಟಿನ ಮಿರರ್‌ಲೆಸ್‌ಗೆ ಹೋದವರು ಎಫ್‌ಟಿಜೆಡ್ ಅಡಾಪ್ಟರಿನಿಂದ ಹಳೆಯ ಲೆನ್ಸುಗಳನ್ನು ಉಳಿಸಿಕೊಳ್ಳಬಹುದು. ಆದರೆ ಅದರಲ್ಲೂ ತಿರುಪು ತಿರುಗಿಸುವ ಮೋಟರ್ ಇಲ್ಲ, ಡಿ ಲೆನ್ಸುಗಳು ಅಲ್ಲೂ ಕೈ ಫೋಕಸ್ಸೇ.

ಸೋನಿಯಲ್ಲಿ ‘ಇ’ ಕ್ರಾಪ್, ‘ಎಫ್‌ಇ’ ಫುಲ್ ಫ್ರೇಮ್. ಮೌಂಟ್ ಒಂದೇ, ಎರಡೂ ಎರಡಕ್ಕೂ ಕೂರುತ್ತವೆ. ಅವರ ಮಾದರಿ ಸಂಖ್ಯೆಯೇ ಒಂದು ಗುಟ್ಟಿನ ಬರಹ: ‘ಎಸ್‌ಇಎಲ್50ಎಫ್18’ ಕ್ರಾಪ್ ಕ್ಯಾಮೆರಾದ 50 ಮಿ.ಮೀ. 1.8, ಕೈ ನಡುಗಿದರೂ ಬಿಂಬವನ್ನು ನಿಲ್ಲಿಸುವ ನಡುಕ ತಡೆ ಇದೆ. ಅದಕ್ಕೇ ಕೊನೆಯಲ್ಲಿ ಇನ್ನೊಂದು ‘ಎಫ್’ ಸೇರಿದರೆ ಫುಲ್ ಫ್ರೇಮಿನದು, ನಡುಕ ತಡೆ ಇಲ್ಲ. ಫ್ಯೂಜಿಯಲ್ಲಿ ಎಕ್ಸ್‌ಎಫ್ ಮೇಲ್ದರ್ಜೆ, ಎಕ್ಸ್‌ಸಿ ಅಗ್ಗದ್ದು.

ಒಂದೇ ಅಕ್ಷರ, ಹತ್ತು ಅರ್ಥ

ಒಂದು ಕಂಪನಿಯ ಅಕ್ಷರ ಕಲಿತು ಇನ್ನೊಂದು ಕಂಪನಿಯ ಲೆನ್ಸ್ ಓದಲು ಹೋದರೆ ಕೆಡುವುದೇ ಹೆಚ್ಚು. ‘ಜಿ’ ನಿಕಾನ್‌ನಲ್ಲಿ ಬಳೆ ಇಲ್ಲದ ಲೆನ್ಸ್, ಸೋನಿಯಲ್ಲಿ ಮೇಲ್ದರ್ಜೆಯ ಬಿರುದು. ‘ಇ’ ನಿಕಾನ್‌ನಲ್ಲಿ ವಿದ್ಯುತ್ ಕಿಂಡಿ, ಸೋನಿಯಲ್ಲಿ ಮೌಂಟ್. ‘ಆರ್’ ಫ್ಯೂಜಿಯಲ್ಲಿ ಅಪರ್ಚರ್ ಬಳೆ ಇದೆ ಎಂದು, ಕ್ಯಾನನ್‌ನಲ್ಲಿ ಹೊಸ ಕ್ಯಾಮೆರಾಗಳ ಸಾಲು. ನಿಕಾನ್ ಅಂತೂ ತನ್ನೊಳಗೇ ಗೊಂದಲ ಎಬ್ಬಿಸಿದೆ: ಲೆನ್ಸಿನ ಮೇಲಿನ ಎಎಫ್-ಎಸ್ ಒಂದು ಬಗೆಯ ಮೋಟರ್, ಕ್ಯಾಮೆರಾದ ಮೆನುವಿನಲ್ಲಿರುವ ಎಎಫ್-ಎಸ್ ಒಮ್ಮೆ ಫೋಕಸ್ ಮಾಡಿ ಅಲ್ಲೇ ನಿಲ್ಲುವ ವಿಧಾನ. ಇವೆರಡಕ್ಕೂ ಸಂಬಂಧವಿಲ್ಲ.

ರೋಮನ್ ಅಂಕಿಯ ಗೆರೆಗಳು ಇನ್ನೂ ಕುತಂತ್ರಿ. ಕ್ಯಾನನ್‌ನಲ್ಲಿ ಎರಡು ಗೆರೆ ಎಂದರೆ ಎರಡನೇ ಆವೃತ್ತಿ, ಮೂರು ಗೆರೆ ಎಂದರೆ ಮೂರನೆಯದು. ಮೂರು ಎರಡಕ್ಕಿಂತ ಒಳ್ಳೆಯದು ಎಂದು ಯಾರಿಗಾದರೂ ಅನ್ನಿಸುತ್ತದೆ. ಆದರೆ 2011ರಲ್ಲಿ ಬಂದ 18-55 ಲೆನ್ಸುಗಳನ್ನೇ ತೆಗೆದುಕೊಳ್ಳಿ. ‘ಐಎಸ್’ ಜೊತೆ ಎರಡು ಗೆರೆ ಇರುವುದರಲ್ಲಿ ನಡುಕ ತಡೆ ಇದೆ. ಬರೀ ಮೂರು ಗೆರೆ ಇರುವುದರಲ್ಲಿ ಇಲ್ಲ, ಅದು ಅಗ್ಗದ್ದು. ಸಣ್ಣ ಫೋಟೊದಲ್ಲಿ ನೋಡಿದರೆ ಎರಡೂ ಬರಹ ಒಂದೇ ಥರ ಕಾಣುತ್ತವೆ. ಮೂರು ಗೆರೆಯ 75-300ದಲ್ಲೂ ನಡುಕ ತಡೆ ಇಲ್ಲ. 300ರ ತುದಿಯಲ್ಲಿ ಕೈಯಲ್ಲಿ ಹಿಡಿದು ತೆಗೆಯುವವರಿಗೆ ಇದು ದುಬಾರಿ ಅಗ್ಗ. ಇನ್ನು ಟ್ಯಾಮ್ರಾನ್‌ನಲ್ಲಿ ‘ಡಿಐ’ ಮುಂದಿನ ಗೆರೆಗಳು ಆವೃತ್ತಿಯೇ ಅಲ್ಲ. ಬರೀ ಡಿಐ ಫುಲ್ ಫ್ರೇಮ್ ಡಿಎಸ್‌ಎಲ್‌ಆರ್‌ಗೂ ಸಾಕಾಗುವ ಲೆನ್ಸ್, ಎರಡು ಗೆರೆ ಇದ್ದರೆ ಕ್ರಾಪ್ ಡಿಎಸ್‌ಎಲ್‌ಆರ್‌ಗೆ, ಮೂರು ಗೆರೆ ಇದ್ದರೆ ಮಿರರ್‌ಲೆಸ್‌ಗೆ. ಹೊಸ ಆವೃತ್ತಿ ಎನ್ನಲು ಅವರು ಬರೆಯುವುದು ‘ಜಿ2’. ಸಿಗ್ಮಾದಲ್ಲಿ ಡಿಜಿ ಫುಲ್ ಫ್ರೇಮ್, ಡಿಸಿ ಕ್ರಾಪ್, ಡಿಎನ್ ಮಿರರ್‌ಲೆಸ್.

ಇಂಥ ಬೇರೆ ಕಂಪನಿಯ ಲೆನ್ಸುಗಳನ್ನು ಕೊಳ್ಳುವಾಗ ‘ಯಾವ ಮೌಂಟಿಗೆ’ ಎಂದು ಬೇರೆಯಾಗಿಯೇ ಕೇಳಬೇಕು. ಒಂದೇ ಹೆಸರಿನ ಲೆನ್ಸ್ ಕ್ಯಾನನ್‌ಗೂ ನಿಕಾನ್‌ಗೂ ಬಂದಿರುತ್ತದೆ, ಮುಂಗಾಜಿನ ಸುತ್ತಲಿನ ಬರಹ ಎರಡರಲ್ಲೂ ಒಂದೇ. ಆಗಲೇ ಹೇಳಿದ ಟ್ಯಾಮ್ರಾನ್ 70-300ರಲ್ಲಿ ನಿಕಾನ್‌ಗೆಂದು ಬಂದ ಹಳೆಯ ಪ್ರತಿಗಳಿಗೆ ಮೋಟರ್ ಇಲ್ಲ, ಅನಂತರದ ಪ್ರತಿಗಳಿಗೆ ಇದೆ.

ನಡುಕ ತಡೆ

ಕ್ಯಾನನ್‌ನ ಐಎಸ್, ನಿಕಾನ್‌ನ ವಿಆರ್, ಸೋನಿಯ ಒಎಸ್‌ಎಸ್, ಸಿಗ್ಮಾದ ಒಎಸ್, ಟ್ಯಾಮ್ರಾನ್‌ನ ವಿಸಿ, ಫ್ಯೂಜಿ ಹಾಗೂ ಪ್ಯಾನಾಸೋನಿಕ್‌ನ ಒಐಎಸ್ ಎಲ್ಲವೂ ಒಂದೇ ಕೆಲಸದ ಬೇರೆ ಬೇರೆ ಹೆಸರು. ಒಳಗಿನ ಒಂದು ಗಾಜಿನ ಗುಂಪು ಕೈ ನಡುಗಿದ್ದಕ್ಕೆ ಎದುರಾಗಿ ಸರಿದು ಬಿಂಬವನ್ನು ನಿಲ್ಲಿಸುತ್ತದೆ. ಬದಲಾಯಿಸಬಹುದಾದ ಲೆನ್ಸಿಗೆ ಕ್ಯಾನನ್ ಇದನ್ನು ತಂದದ್ದು 1995ರಲ್ಲಿ. 300 ಮಿ.ಮೀ.ಯಲ್ಲಿ ಸಾಮಾನ್ಯವಾಗಿ ಸೆಕೆಂಡಿನ 300ರಲ್ಲೊಂದು ಭಾಗ ಬೇಕೆನ್ನುವ ಕಡೆ, ಮೂರು ಸ್ಟಾಪಿನ, ಅಂದರೆ ಎಂಟು ಪಟ್ಟಿನ, ತಡೆ ಇದ್ದರೆ 40ರಲ್ಲೊಂದು ಭಾಗಕ್ಕೆ ಇಳಿಯಬಹುದು. ಆದರೆ ಇದು ನಿಲ್ಲಿಸುವುದು ನಿಮ್ಮ ಕೈಯನ್ನು, ಎದುರಿನ ಹಕ್ಕಿಯನ್ನಲ್ಲ. ರೆಕ್ಕೆ ಬಡಿಯುವ ಮಿಂಚುಳ್ಳಿಗೆ ವಿಆರ್‌ನಿಂದ ಪ್ರಯೋಜನ ಅಷ್ಟಕ್ಕಷ್ಟೇ. ಅದಕ್ಕೆ ಬೆಳಕೋ ಐಎಸ್‌ಒವೋ ಬೇಕು.

ಅಕ್ಷರ ಇಲ್ಲವೆಂದ ಮಾತ್ರಕ್ಕೆ ಲೆನ್ಸ್ ಕಳಪೆಯೂ ಅಲ್ಲ. ಪೆಂಟಾಕ್ಸ್ ಡಿಎಸ್‌ಎಲ್‌ಆರ್‌ಗಳಲ್ಲೂ ಈಚಿನ ಹಲವು ಮಿರರ್‌ಲೆಸ್‌ಗಳಲ್ಲೂ ಸೆನ್ಸರೇ ಅಲುಗಾಡಿ ಈ ಕೆಲಸ ಮಾಡುತ್ತದೆ. ನಿಕಾನ್‌ನ ಎಎಫ್-ಪಿ 18-55, 70-300 ಎರಡೂ ವಿಆರ್ ಇರುವ, ಇಲ್ಲದ ಅವಳಿಗಳಾಗಿ ಬಂದಿವೆ. ಮೈಮೇಲೆ ವಿಆರ್ ಗುಂಡಿಯೂ ಇರುವುದಿಲ್ಲವಾದ್ದರಿಂದ ಬರಹವೊಂದೇ ಗುರುತು.

ಡಂಗುರದ ಸಾಲು

ಇಡಿ, ಎಲ್‌ಡಿ, ಯುಡಿ, ಎಸ್‌ಎಲ್‌ಡಿ ಇವೆಲ್ಲ ಬಣ್ಣಗಳು ಚದುರದಂತೆ ತಡೆಯುವ ವಿಶೇಷ ಗಾಜಿನ ಹೆಸರುಗಳು. ಉದ್ದದ ಲೆನ್ಸಿನಲ್ಲಿ ಇವು ನಿಜಕ್ಕೂ ಉಪಯುಕ್ತ, ಬಿಳಿ ಕೊಕ್ಕರೆಯ ಅಂಚಿನಲ್ಲಿ ನೇರಳೆ ಗೆರೆ ಮೂಡುವುದು ಕಡಿಮೆಯಾಗುತ್ತದೆ. ಆದರೆ ಒಂದು ತುಂಡು ಇದ್ದರೂ ಅದೇ ಅಕ್ಷರ, ಆರು ತುಂಡು ಇದ್ದರೂ ಅದೇ ಅಕ್ಷರ. ಅದನ್ನು ನೋಡಿ ಲೆನ್ಸಿಗೆ ಅಂಕ ಕೊಡಲಾಗದು. ಯುಎಸ್‌ಎಮ್, ಎಸ್‌ಟಿಎಮ್, ಎಚ್‌ಎಸ್‌ಎಮ್, ಯುಎಸ್‌ಡಿ ಮೋಟರಿನ ಬಗೆಗಳು. ವಿಡಿಯೊ ಮಾಡುವವರಿಗೆ ಸದ್ದಿಲ್ಲದ ಎಸ್‌ಟಿಎಮ್ ಹಿತ. ಡಬ್ಲ್ಯುಆರ್ ಎಂದರೆ ತುಂತುರಿಗೆ ಹೆದರದು ಎಂದೇ ಹೊರತು, ಆಗುಂಬೆಯ ಮಳೆಗೆ ಒಡ್ಡಿ ಎಂದಲ್ಲ.

ಕ್ಯಾನನ್‌ನ ಕೆಂಪು ಉಂಗುರ ‘ಎಲ್’ ಸಾಲಿನ ಗುರುತು, ಹಸಿರು ಉಂಗುರ ‘ಡಿಒ’ ಎಂಬ ಬೇರೆ ಬಗೆಯ ಗಾಜಿನದು. ಕೆಂಪು ಪಟ್ಟಿ ಅಂಟಿಸುವುದು ಯಾರಿಗೂ ಕಷ್ಟವಲ್ಲ, ಹೆಸರಿನ ಸಾಲಿನಲ್ಲಿ ‘ಎಲ್’ ಇದೆಯೇ ನೋಡಿ. ‘ಎಲ್’ ಸಾಲಿನ ದೊಡ್ಡ ಲೆನ್ಸುಗಳ ಬಿಳಿ ಬಣ್ಣ ಮಾತ್ರ ಬರೀ ಠೀವಿಯಲ್ಲ. ಬಿಸಿಲಿನಲ್ಲಿ ಒಳಗಿನ ಗಾಜು ಕಾದು ಹಿಗ್ಗದಿರಲಿ ಎಂದು. ಸಿಗ್ಮಾದ ಈಚಿನ ಲೆನ್ಸುಗಳಲ್ಲಿ ಎ, ಸಿ, ಎಸ್ ಎಂಬ ಗುಂಡು ಮುದ್ರೆ ಇದ್ದು, ಪಕ್ಕದಲ್ಲಿ 012, 014 ಥರದ ಮೂರಂಕಿ ಇರುತ್ತದೆ. ಅದು ಆ ಮಾದರಿ ಮೊದಲು ಬಂದ ವರ್ಷ, ನಿಮ್ಮ ಕೈಯಲ್ಲಿರುವುದು ತಯಾರಾದ ವರ್ಷವಲ್ಲ.

ಹಳಬರ ಬರಹದಲ್ಲಿ ಬೇರೆಯೇ ಸೊಗಸಿದೆ. ಎಪ್ಪತ್ತರ ದಶಕದ ಮೊದಲರ್ಧದವರೆಗೆ ನಿಕ್ಕಾರ್ ಹೆಸರಿನ ಪಕ್ಕದ ಒಂಟಿ ಅಕ್ಷರ ಒಳಗಿರುವ ಗಾಜುಗಳ ಎಣಿಕೆಯಾಗಿತ್ತು: ನಿಕ್ಕಾರ್-ಕ್ಯೂ ನಾಲ್ಕು, ಪಿ ಐದು, ಎಚ್ ಆರು, ಎಸ್ ಏಳು. ನಾಲ್ಕು, ಏಳಕ್ಕೆ ಲ್ಯಾಟಿನ್. ಐದು, ಆರಕ್ಕೆ ಗ್ರೀಕ್. ಲೈಕಾದಲ್ಲಿ ಹೆಸರೇ ಕಿಂಡಿಯ ಅಳತೆ: ಸುಮಿಕ್ರಾನ್ ಎಂದರೆ ಎಫ್/2, ಸುಮಿಲಕ್ಸ್ ಎಂದರೆ ಎಫ್/1.4. ಝೈಸ್‌ನಲ್ಲಿ ಹೆಸರು ಗಾಜುಗಳ ಜೋಡಣೆ. ಪ್ಲಾನಾರ್ 1896ರದ್ದು, ಟೆಸ್ಸಾರ್ 1902ರದ್ದು. ಝೈಸ್ ಲೆನ್ಸಿನ ಮೇಲಿನ ‘ಟಿ’ ಮತ್ತು ಕೆಂಪು ನಕ್ಷತ್ರ ಪ್ರತಿಫಲನ ತಡೆಯುವ ಲೇಪದ ಗುರುತು. ಆ ಬಗೆಯ ಲೇಪಕ್ಕೆ ಝೈಸ್‌ನ ಸ್ಮಾಕುಲಾ ಪೇಟೆಂಟ್ ಪಡೆದದ್ದು 1935ರಲ್ಲಿ. ಇಂದು ಲೇಪವಿಲ್ಲದ ಲೆನ್ಸೇ ಇಲ್ಲ.

ಪಕ್ಕೆಯ ಗುಂಡಿಗಳು

ಎಎಫ್/ಎಮ್‌ಎಫ್ ಗೊತ್ತಿರುವುದೇ. ಆದರೆ ಅಗ್ಗದ ಲೆನ್ಸುಗಳಲ್ಲಿ ಗುಂಡಿ ಎಎಫ್‌ನಲ್ಲಿದ್ದಾಗ ಫೋಕಸ್ ಬಳೆಯನ್ನು ಬಲವಂತವಾಗಿ ತಿರುಗಿಸಿದರೆ ಒಳಗಿನ ಹಲ್ಲುಚಕ್ರ ಸವೆಯುತ್ತದೆ. ನಿಕಾನ್‌ನಲ್ಲಿ ‘ಎಮ್/ಎ’ ಎಂದಿದ್ದರೆ ಆಟೊ ಇದ್ದಾಗಲೂ ಕೈಯಿಂದ ತಿದ್ದಬಹುದು. ಎಸ್‌ಟಿಎಮ್ ಲೆನ್ಸಿನ ಬಳೆ ಕ್ಯಾಮೆರಾ ಆನ್ ಆಗದೆ ಏನೂ ಮಾಡುವುದಿಲ್ಲ, ಸುಮ್ಮನೆ ತಿರುಗುತ್ತದೆ. ಅದನ್ನು ಕೆಟ್ಟಿದೆ ಎಂದು ತಿಳಿಯಬೇಡಿ.

ಉದ್ದದ ಲೆನ್ಸ್ ಬಾಡಿಗೆಗೆ ಹಿಡಿದು ಕಬಿನಿಗೋ ಬಂಡೀಪುರಕ್ಕೋ ಹೋಗುವವರು ಜೀಪು ಹತ್ತುವ ಮುಂಚೆ ಇನ್ನೊಂದು ಗುಂಡಿ ನೋಡಿಕೊಳ್ಳಬೇಕು. ಸಿಗ್ಮಾ 150-600ರಲ್ಲಿ ‘ಫುಲ್’, ‘10 ಮೀ.ನಿಂದ ಮಲಗಿದ ಎಂಟು’, ‘2.8-10 ಮೀ.’ ಎಂಬ ಮೂರು ಸ್ಥಾನಗಳಿವೆ. ಮಲಗಿದ ಎಂಟು ಅನಂತದ ಗುರುತು. ನಿಕಾನ್ 200-500ರಲ್ಲಿ ಇದೇ 6 ಮೀ.ನಿಂದ ಶುರು. ಹುಲಿ ದೂರದಲ್ಲಿದ್ದರೆ ದೂರದ ಸ್ಥಾನಕ್ಕೆ ಹಾಕಿ. ಲೆನ್ಸ್ ಹತ್ತಿರದ ಲಂಟಾನ ಪೊದೆಯನ್ನು ತಡಕುತ್ತಾ ಕಾಲ ಕಳೆಯುವುದಿಲ್ಲ. ಯಾರೋ ಹಿಂದಿನವರು ಹತ್ತಿರದ ಸ್ಥಾನದಲ್ಲಿ ಬಿಟ್ಟಿದ್ದರೆ ಇಡೀ ಸಫಾರಿ ಫೋಕಸ್ಸೇ ಆಗದು. ನಡುಕ ತಡೆಯ ಮೋಡ್ 1 ಎಲ್ಲ ದಿಕ್ಕಿಗೂ, ಮೋಡ್ 2 ಓಡುವ ಪ್ರಾಣಿಯ ಜೊತೆ ಲೆನ್ಸ್ ತಿರುಗಿಸುವಾಗ. ‘ಲಾಕ್’ ಗುಂಡಿ ನಡೆಯುವಾಗ ಲೆನ್ಸ್ ತನ್ನ ಭಾರಕ್ಕೆ ತಾನೇ ಇಳಿಯದಂತೆ ತಡೆಯಲು.

ದೂರದ ಅಳತೆ ತೋರಿಸುವ ಪುಟ್ಟ ಕಿಟಕಿ ಇರುವ ಲೆನ್ಸುಗಳಲ್ಲಿ ಅಡಿ, ಮೀಟರು ಎರಡೂ ಇರುತ್ತವೆ. ಮಲಗಿದ ಎಂಟರ ಬಳಿ ಗೆರೆ ಬಾಗಿ ಇನ್ನೂ ಸ್ವಲ್ಪ ಜಾಗ ಬಿಟ್ಟಿರುವುದು ತಾಪ ಏರಿಳಿದಾಗ ಅನಂತದ ಬಿಂದು ಸರಿಯುವುದಕ್ಕೆ. ಹಾಗಾಗಿ ನಕ್ಷತ್ರ ತೆಗೆಯುವಾಗ ಬಳೆಯನ್ನು ಕೊನೆಮುಟ್ಟ ತಿರುಗಿಸಬೇಡಿ, ಪರದೆಯಲ್ಲಿ ದೊಡ್ಡದು ಮಾಡಿ ನೋಡಿಕೊಂಡೇ ನಿಲ್ಲಿಸಿ.

ಬಳಸಿದ ಲೆನ್ಸ್ ಮಾರುವವರಿಂದ ಎರಡು ಫೋಟೊ ಕೇಳಿ: ಮುಂಗಾಜಿನ ಸುತ್ತಲಿನ ಬರಹ ಪೂರ್ತಿ ಓದಲು ಬರುವಂಥದ್ದೊಂದು, ಹಿಂದಿನ ಲೋಹದ ಬಳೆಯದ್ದೊಂದು. ಎರಡನ್ನೂ ಕೊಡಲು ಹಿಂಜರಿದರೆ ಮಾತು ಮುಂದುವರಿಸಬೇಡಿ. ಮೌಂಟಿನ ಬಳಿ ಇರುವ ಕ್ರಮಸಂಖ್ಯೆ ಬಿಲ್ಲಿನಲ್ಲಿರುವುದರೊಂದಿಗೆ ತಾಳೆಯಾಗಬೇಕು. ಬಾಡಿಗೆಗೆ ತರುವಾಗಲೂ ಅಷ್ಟೇ, ಅಂಗಡಿ ಬಿಡುವ ಮುಂಚೆ ಕ್ರಮಸಂಖ್ಯೆ ಮತ್ತು ಮುಂಗಾಜು ಎರಡೂ ಸ್ಪಷ್ಟವಾಗಿ ಕಾಣುವಂತೆ ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ಹಿಂದಿರುಗಿಸುವ ದಿನ ಗೀರಿನ ಲೆಕ್ಕ ಬಂದರೆ ಠೇವಣಿ ಬಿಡಿಸಿಕೊಳ್ಳಲು ಅದು ಬೇಕಾಗುತ್ತದೆ.